ಕರಾವಳಿ ಕಡಲಿನ ಮಾಲಿನ್ಯಧಾರಣ ಸಾಮರ್ಥ್ಯ

ದಡಕ್ಕೆ ಹೊಂದಿದ ಕಡಲು ತನ್ನೊಳಗಿನ ಜೀವಕ್ಕೂ ತನ್ನನ್ನು ನೆಚ್ಚಿದ ಜನಕ್ಕೂ ಕೇಡು ತಟ್ಟದಂತೆ ದಿನಕ್ಕೆ ಅಥವಾ ವರ್ಷಕ್ಕೆ ಎಷ್ಟು ಕೊಳೆಯನ್ನು ಒಳಗೆ ಬಿಟ್ಟುಕೊಳ್ಳಬಲ್ಲುದೋ ಆ ಪ್ರಮಾಣವೇ ಅದರ ಮಾಲಿನ್ಯಧಾರಣ ಸಾಮರ್ಥ್ಯ. ಇದನ್ನು ತೂಕದಲ್ಲಿ ಹೇಳುತ್ತಾರೆ: ದಿನಕ್ಕೆ ಇಷ್ಟು ಟನ್ ಸಾರಜನಕ, ವರ್ಷಕ್ಕೆ ಇಷ್ಟು ಟನ್ ರಂಜಕ. ಒಂದು ಕಡಲಿಗೆ ಒಂದೇ ಸಾಮರ್ಥ್ಯ ಎಂಬುದಿಲ್ಲ. ಮಾಲಿನ್ಯ ಬದಲಾದರೆ ಲೆಕ್ಕ ಬದಲಾಗುತ್ತದೆ, ಕೊಲ್ಲಿ ಬದಲಾದರೆ ಬದಲಾಗುತ್ತದೆ, ಅದೇ ಕೊಲ್ಲಿಯಲ್ಲಿ ಬೇಸಗೆಗೊಂದು ಮಳೆಗಾಲಕ್ಕೊಂದು ಲೆಕ್ಕವಿರುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 1969ರಲ್ಲಿ ಕೂಡಿ ಕಟ್ಟಿದ ಕಡಲ ಮಾಲಿನ್ಯ ತಜ್ಞಮಂಡಳಿ ಗೆಸ್ಯಾಂಪ್, 1986ರ ವರದಿಯಲ್ಲಿ ಈ ಸಾಮರ್ಥ್ಯವನ್ನು ಪರಿಸರದ ಒಂದು ಗುಣವೆಂದು ಕರೆದು, ಒಪ್ಪಲಾಗದ ಪರಿಣಾಮ ಉಂಟಾಗದಂತೆ ಒಂದು ಚಟುವಟಿಕೆಗೆ ಎಡೆಗೊಡುವ ಶಕ್ತಿ ಎಂದು ವಿವರಿಸಿತು. ಆ ವಿವರಣೆಯ ಭಾರವೆಲ್ಲ ‘ಒಪ್ಪಲಾಗದ’ ಎಂಬ ಮಾತಿನ ಮೇಲಿದೆ. ನೀರು ಎತ್ತ ಹರಿಯುತ್ತದೆ ಎಂಬುದನ್ನು ಭೌತಶಾಸ್ತ್ರ ಹೇಳಬಲ್ಲುದು. ಯಾವುದನ್ನು ಒಪ್ಪಬಹುದು, ಯಾವುದನ್ನು ಒಪ್ಪಲಾಗದು ಎಂಬುದನ್ನು ತೀರ್ಮಾನಿಸಬೇಕಾದವರು ಮನುಷ್ಯರು.

ಹೊಲಸು ನೀರಿನ ಕಾನೂನುಗಳು ಬಹುತೇಕ ಕಡೆ ಬೇರೊಂದು ದಾರಿಯಲ್ಲಿ ಆರಂಭವಾದವು. ಕಾರ್ಖಾನೆಯ ಕೊಳವೆಯ ಬಾಯಿಯಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಮೀರಕೂಡದು ಎಂಬುದು ಆ ನಿಯಮ. ಅಳೆಯುವುದಕ್ಕೂ ದಂಡ ಹಾಕುವುದಕ್ಕೂ ಅದು ಸುಲಭ. ಆದರೆ ಒಳ್ಳೆಯ ನೀರು ಬೆರೆಸಿ ತೆಳುಮಾಡಿದರೆ ಕಡಲಿಗೆ ಸೇರುವ ಕೊಳೆ ಒಂದು ಹಿಡಿಯೂ ಕಡಿಮೆಯಾಗದೆ ನಿಯಮ ಮಾತ್ರ ಪಾಲನೆಯಾಗಿಬಿಡುತ್ತದೆ. ಒಂದೇ ಕೊಲ್ಲಿಯ ಸುತ್ತ ನೂರು ಕಾರ್ಖಾನೆಗಳು ತಂತಮ್ಮ ಮಿತಿಯೊಳಗೇ ಇದ್ದರೂ ಎಲ್ಲ ಕೂಡಿ ಕೊಲ್ಲಿಯನ್ನು ಕೊಲ್ಲಬಲ್ಲವು. ಆದ್ದರಿಂದ ಕೊಳವೆಯಿಂದ ಕಡಲಿನ ಕಡೆಗೆ ನೋಡುವ ಬದಲು ಕಡಲಿನಿಂದ ಕೊಳವೆಯ ಕಡೆಗೆ ನೋಡುವ ಕ್ರಮ ಬಂತು. ನೀರು ಹೇಗಿರಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಒಟ್ಟು ಹೊರೆ ಎಷ್ಟಿರಬಹುದೆಂದು ಹಿಂದಕ್ಕೆ ಲೆಕ್ಕ ಹಾಕಿ, ಕೊನೆಗೆ ಆ ಹೊರೆಯನ್ನು ಹಂಚುವುದು ಈ ಕ್ರಮ.

ಕಡಲು ಅರಗಿಸಿಕೊಳ್ಳುವ ಬಗೆ

ಕಡಲಿಗೆ ಬಿದ್ದ ಕೊಳೆಗೆ ಮೂರು ಗತಿ. ಅದು ಕೊಚ್ಚಿಕೊಂಡು ಹೊರಗಡಲಿಗೆ ಹೋಗಬಹುದು, ಜೀವಾಣುಗಳ ಕೈಯಲ್ಲಿ ಒಡೆದು ಬೇರೆ ರೂಪ ತಾಳಬಹುದು, ಇಲ್ಲವೆ ತಳದ ಕೆಸರಿನಲ್ಲಿ ಹೂತುಹೋಗಬಹುದು. ಮೊದಲನೆಯದು ಉಬ್ಬರವಿಳಿತ, ಗಾಳಿ ಮತ್ತು ನದಿಯ ನೀರಿನ ಕೆಲಸ. ಖಂಬಾತ್ ಕೊಲ್ಲಿಯಲ್ಲಿ ಭರತ ಮತ್ತು ಇಳಿತದ ನಡುವಿನ ಅಂತರ ಹತ್ತು ಮೀಟರನ್ನು ಮುಟ್ಟುವುದುಂಟು. ಮಂಗಳೂರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಲ್ಲೂ ಅದು ಒಂದೂವರೆ ಮೀಟರಿನ ಆಸುಪಾಸು. ಹಾಗೆಂದು ದೊಡ್ಡ ಭರತವೆಂದರೆ ದೊಡ್ಡ ತೊಳೆತ ಎಂದು ತಿಳಿಯುವುದು ಅವಸರದ ಮಾತು. ಇಳಿತದಲ್ಲಿ ಹೊರಗೆ ಹೋದ ನೀರಿನಲ್ಲಿ ಬಹುಪಾಲು ಮುಂದಿನ ಭರತದಲ್ಲಿ ಹಾಗೇ ಮರಳಿ ಬರುತ್ತದೆ. ಕೊಲ್ಲಿಯನ್ನು ನಿಜವಾಗಿ ತೊಳೆಯುವುದು, ಮರಳಿ ಬಾರದೆ ಹೊರಗಡಲಿನಲ್ಲಿ ಬೆರೆತುಹೋಗುವ ಅಲ್ಪಭಾಗ.

ಎರಡನೆಯ ಗತಿಯಲ್ಲಿ ಆಮ್ಲಜನಕ ಖರ್ಚಾಗುತ್ತದೆ. ಜೀವಾಣುಗಳು ಚರಂಡಿಯ ಕೊಳೆಯನ್ನು ಒಡೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಕಡಲ ನೀರಿನಲ್ಲಿ ಅದರ ದಾಸ್ತಾನೇ ಚಿಕ್ಕದು: 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 6.2 ಮಿಲಿಗ್ರಾಂ. ಉಷ್ಣವಲಯದ ಕಡಲು ಹುಟ್ಟುವಾಗಲೇ ಬಡವ ಎನ್ನಬಹುದು. ಅಲ್ಲದೆ ಕೊಳೆ ಎಂದರೆ ಕಣ್ಣಿಗೆ ಕಾಣುವ ಹೊಲಸು ಮಾತ್ರವಲ್ಲ. ಹೊಲದಿಂದ ಹರಿದುಬಂದ ಗೊಬ್ಬರದ ಸಾರಜನಕ ತಾನಾಗಿ ಕೊಳೆಯಲ್ಲ. ಅದು ಸಸ್ಯಪ್ಲವಕಗಳನ್ನು ಬೆಳೆಸುತ್ತದೆ, ಅವು ಸತ್ತು ತಳಕ್ಕಿಳಿದು ಕೊಳೆಯುತ್ತವೆ. ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ತೋರಿಸಿದ ಅನುಪಾತದ ಪ್ರಕಾರ ಪ್ಲವಕದ ದೇಹದಲ್ಲಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ ಮತ್ತು 1 ರಂಜಕದ ಪರಮಾಣು ಇರುತ್ತವೆ, ಅಷ್ಟು ಪದಾರ್ಥ ಪೂರ್ತಿ ಕೊಳೆಯಲು 138 ಆಮ್ಲಜನಕದ ಅಣುಗಳು ಬೇಕು. ಇದನ್ನು ತೂಕಕ್ಕೆ ತಿರುಗಿಸಿದರೆ, ಒಂದು ಕಿಲೋ ಸಾರಜನಕ ಬೆಳೆಸಿದ ಪ್ಲವಕ ಕೊಳೆಯುವಾಗ ಸುಮಾರು 20 ಕಿಲೋ ಆಮ್ಲಜನಕವನ್ನು ನುಂಗುತ್ತದೆ. ಒಂದು ಕಿಲೋ ರಂಜಕದ ಲೆಕ್ಕದಲ್ಲಿ ಅದು 140 ಕಿಲೋ ದಾಟುತ್ತದೆ.

ಬೇಸಗೆಯಲ್ಲಿ ಬಿಸಿಯಾದ ಹಗುರ ನೀರು, ಅಥವಾ ನದಿ ತಂದ ಸಿಹಿನೀರು, ಮೇಲೆ ಪದರವಾಗಿ ನಿಂತರೆ ಗಾಳಿಯ ಆಮ್ಲಜನಕ ತಳಕ್ಕಿಳಿಯದು. ಖರ್ಚು ನಡೆಯುತ್ತದೆ, ಜಮೆ ನಿಲ್ಲುತ್ತದೆ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು ಸಿಗಡಿಗಳು ಆ ಜಾಗ ಬಿಟ್ಟು ಓಡುತ್ತವೆ, ಓಡಲಾಗದ ಚಿಪ್ಪುಜೀವಿಗಳು ಸಾಯುತ್ತವೆ. ಮಿಸಿಸಿಪ್ಪಿ ನದಿಯ ಮುಂದೆ ಮೆಕ್ಸಿಕೋ ಕೊಲ್ಲಿಯಲ್ಲಿ 2017ರ ಬೇಸಗೆಯಲ್ಲಿ ಇಂಥ ಉಸಿರುಗಟ್ಟಿದ ನೀರು ಸುಮಾರು 22,700 ಚದರ ಕಿಲೋಮೀಟರು ಹರಡಿತ್ತು.

ಅರಗುವ ಕ್ರಿಯೆಯೇ ಕೆಟ್ಟುಹೋಗಬಲ್ಲುದು ಎಂಬುದು ಈ ಲೆಕ್ಕದ ತೀರ ಸೂಕ್ಷ್ಮ ಭಾಗ. ಸಹಜ ಸ್ಥಿತಿಯಲ್ಲಿ ತಳದ ಕೆಸರಿನ ಜೀವಾಣುಗಳು ಸಾರಜನಕವನ್ನು ಅನಿಲವಾಗಿಸಿ ಗಾಳಿಗೆ ಕಳಿಸುತ್ತವೆ. ಅದು ಕಡಲಿಗೆ ದೊಡ್ಡ ಉಪಕಾರ. ಆ ಕೆಲಸದ ಮೊದಲ ಮೆಟ್ಟಿಲಿಗೆ, ಅಂದರೆ ಅಮೋನಿಯ ನೈಟ್ರೇಟ್ ಆಗುವುದಕ್ಕೆ, ಆಮ್ಲಜನಕ ಬೇಕು. ತಳದಲ್ಲಿ ಆಮ್ಲಜನಕ ಮುಗಿದರೆ ಅಮೋನಿಯ ಅಮೋನಿಯವಾಗಿಯೇ ಮೇಲೇಳುತ್ತದೆ; ಕಬ್ಬಿಣಕ್ಕೆ ಅಂಟಿ ಕೆಸರಿನಲ್ಲಿ ಕುಳಿತಿದ್ದ ರಂಜಕವೂ ಬಿಡುಗಡೆಯಾಗುತ್ತದೆ. ಹೀಗೆ ಮಿತಿ ದಾಟಿದ ಕಡಲಿನ ಸಾಮರ್ಥ್ಯ ಮೊದಲಿದ್ದಷ್ಟೂ ಉಳಿಯುವುದಿಲ್ಲ. ಹೊರೆಯನ್ನು ಹಳೆಯ ಮಟ್ಟಕ್ಕೆ ಇಳಿಸಿದ ಮಾತ್ರಕ್ಕೆ ನೀರು ಹಳೆಯ ಸ್ಥಿತಿಗೆ ಮರಳದಿರುವುದಕ್ಕೆ ಇದು ಮುಖ್ಯ ಕಾರಣ.

ಮಾದರಿಗಳ ಹಿನ್ನೆಲೆ

ನೀರಿನ ಅರಗಿಸುವ ಶಕ್ತಿಯನ್ನು ಸಮೀಕರಣಕ್ಕೆ ಇಳಿಸಿದ ಮೊದಲ ಹೆಸರುವಾಸಿ ಕೆಲಸ ನದಿಯದು. ಅಮೆರಿಕದ ಒಹಾಯೊ ನದಿಯ ಅಧ್ಯಯನದಿಂದ ಹೆರಾಲ್ಡ್ ಸ್ಟ್ರೀಟರ್ ಮತ್ತು ಅರ್ಲ್ ಫೆಲ್ಪ್ಸ್ 1925ರಲ್ಲಿ, ಕೊಳೆ ಬಿದ್ದ ಜಾಗದಿಂದ ಕೆಳಕ್ಕೆ ಹೋದಂತೆ ಆಮ್ಲಜನಕ ಕುಸಿದು ಮತ್ತೆ ಏರುವ ಜೋಲುಗೆರೆಯನ್ನು ಗಣಿತದಲ್ಲಿ ಹಿಡಿದರು. ನದಿ ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿಗೆ ಆ ಸೌಕರ್ಯವಿಲ್ಲ.

ಕಡಲಿನಲ್ಲಿ ಹಿಂದಕ್ಕೆ ಲೆಕ್ಕ ಹಾಕುವ ಪದ್ಧತಿ ಗಟ್ಟಿಯಾದದ್ದು ಬೇರೆ ಕ್ಷೇತ್ರದಲ್ಲಿ. ಇಂಗ್ಲೆಂಡಿನ ವಿಂಡ್‌ಸ್ಕೇಲ್ ಅಣುಸ್ಥಾವರ 1950ರ ದಶಕದಲ್ಲಿ ಐರಿಷ್ ಸಮುದ್ರಕ್ಕೆ ವಿಕಿರಣಶೀಲ ತ್ಯಾಜ್ಯವನ್ನು ಕೊಳವೆಯಿಂದ ಬಿಡತೊಡಗಿದಾಗ, ಎಷ್ಟು ಬಿಡಬಹುದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊಟದ ತಟ್ಟೆಯಲ್ಲಿ. ಆ ದಡದ ಪೋರ್ಫೈರ ಎಂಬ ಕಡಲಪಾಚಿ ರುಥೇನಿಯಂ-106 ಅನ್ನು ಹೀರಿ ಕೂಡಿಡುತ್ತಿತ್ತು. ಅದನ್ನು ಕೊಯ್ದು ದೂರದ ದಕ್ಷಿಣ ವೇಲ್ಸ್‌ಗೆ ಕಳಿಸುತ್ತಿದ್ದರು, ಅಲ್ಲಿನವರು ಬೇಯಿಸಿ ಅರೆದು ಲೇವರ್‌ಬ್ರೆಡ್ ಎಂಬ ತಿನಿಸು ಮಾಡಿ ತಿನ್ನುತ್ತಿದ್ದರು. ಹೆಚ್ಚು ತಿನ್ನುವವರ ಗುಂಪನ್ನು ಗುರುತಿಸಿ, ಅವರ ದೇಹ ತಾಳಬಹುದಾದ ಪ್ರಮಾಣದಿಂದ ಪಾಚಿಗೆ, ಪಾಚಿಯಿಂದ ನೀರಿಗೆ, ನೀರಿನಿಂದ ಕೊಳವೆಗೆ ಲೆಕ್ಕವನ್ನು ಹಿಂದಕ್ಕೊಯ್ದು ಮಿತಿ ಹಾಕಲಾಯಿತು. ಸರಪಳಿಯ ತೀರ ಸೂಕ್ಷ್ಮ ಕೊಂಡಿಯನ್ನು ಹುಡುಕಿ ಅಲ್ಲಿಂದ ಅಳೆಯುವ ಈ ಕ್ರಮ ಮುಂದೆ ಬೇರೆ ಮಾಲಿನ್ಯಗಳಿಗೂ ಬಂತು.

ಗಣಕಯಂತ್ರ ಪಳಗುವ ಮೊದಲು ಕಡಲನ್ನೇ ಕಿರಿದಾಗಿ ಕಟ್ಟಿ ನೋಡುತ್ತಿದ್ದರು. ಕ್ಯಾಲಿಫೋರ್ನಿಯದ ಸಾಸಲಿಟೊದಲ್ಲಿ 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಾಂಕ್ರೀಟು ಮಾದರಿ ಎದ್ದಿತು. ಚೆಸಪೀಕ್ ಕೊಲ್ಲಿಯ ಮಾದರಿ 1970ರ ದಶಕದಲ್ಲಿ ಮೇರಿಲ್ಯಾಂಡಿನಲ್ಲಿ ಹಲವು ಎಕರೆಯ ಒಂದೇ ಸೂರಿನಡಿ ಹರಡಿಕೊಂಡಿತು. ಜಪಾನಿನ ಕುರೆ ನಗರದಲ್ಲಿ 1973ರಲ್ಲಿ ಸೆಟೊ ಒಳಗಡಲನ್ನು ಅಗಲದಲ್ಲಿ ಎರಡು ಸಾವಿರದ ಒಂದಂಶಕ್ಕೆ, ಆಳದಲ್ಲಿ ನೂರರವತ್ತರ ಒಂದಂಶಕ್ಕೆ ಇಳಿಸಿ ಕಟ್ಟಿದರು. ಅಗಲವನ್ನಿಳಿಸಿದಷ್ಟೇ ಆಳವನ್ನೂ ಇಳಿಸಿದರೆ ನೀರು ಬರಿಯ ಒದ್ದೆ ನೆಲವಾಗಿಬಿಡುತ್ತದೆ, ಅದಕ್ಕೇ ಈ ಎರಡು ಅಳತೆ. ಇಂಥ ಅಳತೆಯಲ್ಲಿ ಕಾಲವೂ ಕುಗ್ಗುತ್ತದೆ: ಹನ್ನೆರಡೂವರೆ ಗಂಟೆಯ ಒಂದು ಉಬ್ಬರವಿಳಿತ ಆ ಮಾದರಿಯಲ್ಲಿ ಐದು ನಿಮಿಷದೊಳಗೆ ಮುಗಿಯುತ್ತದೆ. ಬಣ್ಣ ಬಿಟ್ಟು ಅದು ಎತ್ತ ಹರಡುವುದೆಂದು ನೋಡುವುದು ಕೆಲಸ. ನೀರಿನ ಚಲನೆಯನ್ನು ಈ ಕೊಳಗಳು ಚೆನ್ನಾಗಿಯೇ ತೋರಿಸಿದವು, ಜೀವಿಗಳ ಉಸಿರಾಟವನ್ನು ತೋರಿಸಲಾರವಾದವು. 1980ರ ದಶಕದ ಹೊತ್ತಿಗೆ ಅಂಕಿಗಳ ಮಾದರಿಗಳು ಅವುಗಳ ಜಾಗ ಹಿಡಿದವು.

ಪೆಟ್ಟಿಗೆ ಲೆಕ್ಕ

ಅತ್ಯಂತ ಸರಳವಾದ ಅಂಕಿಮಾದರಿಯಲ್ಲಿ ಕೊಲ್ಲಿಯೇ ಒಂದು ಪೆಟ್ಟಿಗೆ. ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೇ ನಾಶವಾದದ್ದು ಮೂರನ್ನೂ ಸರಿತೂಗಿಸುವುದಷ್ಟೇ ಕೆಲಸ. ಹೊರಗಡಲಿನೊಂದಿಗೆ ಎಷ್ಟು ನೀರು ಅದಲುಬದಲಾಗುತ್ತದೆ ಎಂಬುದನ್ನು ನೇರವಾಗಿ ಅಳೆಯುವುದು ಬಹಳ ಕಷ್ಟ. ಆದರೆ ಆ ಗುಟ್ಟನ್ನು ಉಪ್ಪು ಹೇಳುತ್ತದೆ. ಉಪ್ಪು ಕೊಳೆಯದು, ಯಾವ ಜೀವಿಯೂ ಅದನ್ನು ತಿಂದು ತೀರಿಸದು. ನದಿಯ ಸಿಹಿನೀರು ಎಡೆಬಿಡದೆ ಬೀಳುತ್ತಿದ್ದರೂ ಕೊಲ್ಲಿಯ ಉಪ್ಪು ಒಂದು ಮಟ್ಟದಲ್ಲಿ ನಿಂತಿದೆ ಎಂದರೆ ಅಷ್ಟು ಉಪ್ಪುನೀರು ಹೊರಗಿನಿಂದ ಬರುತ್ತಿದೆ ಎಂದೇ ಅರ್ಥ.

ಒಂದು ಕಲ್ಪಿತ ಕೊಲ್ಲಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿರುವ ನೀರು 100 ಕೋಟಿ ಘನಮೀಟರು. ನದಿ ಸೆಕೆಂಡಿಗೆ 100 ಘನಮೀಟರಿನಂತೆ ದಿನಕ್ಕೆ 86.4 ಲಕ್ಷ ಘನಮೀಟರು ಸುರಿಯುತ್ತದೆ. ಹೊರಗಡಲಿನ ಲವಣಾಂಶ ಸಾವಿರಕ್ಕೆ 35, ಕೊಲ್ಲಿಯದು 30. ನದಿ ತಂದಷ್ಟೇ ನೀರು ಕೊಲ್ಲಿಯ ಬಾಯಿಂದ ಹೊರಬೀಳುವಾಗ ಎರಡರ ಸರಾಸರಿಯಾದ 32.5ರ ಉಪ್ಪನ್ನು ಹೊತ್ತೊಯ್ಯುತ್ತದೆ ಎಂದಿಟ್ಟುಕೊಂಡರೆ, ಆ ನಷ್ಟ ತುಂಬಲು ದಿನಕ್ಕೆ ಸುಮಾರು 5.6 ಕೋಟಿ ಘನಮೀಟರು ಕಡಲನೀರು ಅದಲುಬದಲಾಗಬೇಕು. ನದಿಯ ಪಾಲನ್ನೂ ಸೇರಿಸಿದರೆ ಕೊಲ್ಲಿಯ ನೀರು ಪೂರ್ತಿ ಹೊಸದಾಗಲು ಹದಿನೈದು ದಿನಕ್ಕೆ ತುಸು ಹೆಚ್ಚು.

ಈಗ ಸಾರಜನಕದ ಮಿತಿ. ಹೊರಗಡಲಿನಲ್ಲೇ ಲೀಟರಿಗೆ 0.2 ಮಿಲಿಗ್ರಾಂ ಇದೆ, ಕೊಲ್ಲಿಯಲ್ಲಿ 0.3 ದಾಟಬಾರದು ಎಂದು ಗೆರೆ ಎಳೆದರೆ ದಿನಕ್ಕೆ ಸುಮಾರು 7.8 ಟನ್ ಸಾರಜನಕಕ್ಕೆ ಎಡೆಯಿದೆ, ಅದರಲ್ಲಿ ನದಿ ಸಹಜವಾಗಿ ತರುವ ಪಾಲೂ ಸೇರಿದೆ. ಗೆರೆಯನ್ನು 0.6ಕ್ಕೆ ಸರಿಸಿದರೆ ಅದೇ ಕೊಲ್ಲಿ, ಅದೇ ನೀರು, ಆದರೆ ಸಾಮರ್ಥ್ಯ 26 ಟನ್‌ಗೆ ನೆಗೆಯುತ್ತದೆ. ಗೆರೆಯನ್ನು 0.3ರಲ್ಲೇ ಉಳಿಸಿ, ನೆರೆಯೂರಿನವರ ಕೊಳೆಯಿಂದ ಹೊರಗಡಲೇ 0.25ಕ್ಕೆ ಏರಿದೆ ಎಂದಿಟ್ಟರೆ 5.2 ಟನ್‌ಗೆ ಕುಸಿಯುತ್ತದೆ. ಒಳಗಿನ ಸಾರಜನಕದಲ್ಲಿ ದಿನಕ್ಕೆ ನೂರಕ್ಕೊಂದು ಭಾಗ ಅನಿಲವಾಗಿ ಹೋಗುತ್ತದೆ ಎಂದು ನಂಬಿದರೆ ಇನ್ನು 3 ಟನ್ ಸೇರಿಸಬಹುದು. ಕೊಲ್ಲಿಯ ಅಂಚಿನಲ್ಲಿ ಒಂದು ಕಲ್ಲೂ ಅಲುಗದೆ ಉತ್ತರ 5ರಿಂದ 26ರವರೆಗೆ ಓಡಾಡುವುದನ್ನು ಕಂಡವರು, ‘ಈ ಕಡಲು ಇಷ್ಟು ತಾಳುತ್ತದೆ’ ಎಂಬ ಒಂಟಿ ಅಂಕಿಯನ್ನು ಎದುರಿಗಿಟ್ಟವರನ್ನು ಮೊದಲು ಕೇಳಬೇಕಾದದ್ದು ಆ ಅಂಕಿಯ ಹಿಂದಿನ ಗೆರೆ ಯಾವುದು ಎಂದು.

ಬಿಡಿಬಿಡಿ ಲೆಕ್ಕ

ಪೆಟ್ಟಿಗೆ ಲೆಕ್ಕದಲ್ಲಿ ಕೊಲ್ಲಿಯೆಲ್ಲ ಒಂದೇ ಸಮ ಕಲಸಿದ ನೀರು. ನಿಜದ ಕೊಲ್ಲಿಯಲ್ಲಿ ಬಾಯಿಯ ಬಳಿ ತಿಳಿಯಾಗಿಯೂ ಒಳಮೂಲೆಯಲ್ಲಿ ಕೊಳಚೆಯಾಗಿಯೂ ಇರಬಹುದು. ಅದಕ್ಕಾಗಿ ಕಡಲನ್ನು ಸಾವಿರಾರು ಚೌಕ ಅಥವಾ ತ್ರಿಕೋನಗಳಾಗಿ, ಮೇಲಿನಿಂದ ತಳದವರೆಗೆ ಹತ್ತಾರು ಪದರಗಳಾಗಿ ಸೀಳಿ, ಪ್ರತಿ ಕೋಶದಲ್ಲೂ ನೀರಿನ ವೇಗ, ಉಪ್ಪು, ಉಷ್ಣತೆಗಳನ್ನು ನಿಮಿಷ ನಿಮಿಷಕ್ಕೆ ಲೆಕ್ಕ ಹಾಕುತ್ತಾರೆ. ಪ್ರಿನ್ಸ್‌ಟನ್ ಓಷನ್ ಮಾಡೆಲ್, ರಾಮ್ಸ್, ಎಫ್‌ವಿಕಾಮ್, ಡೆಲ್ಫ್ಟ್-3ಡಿ, ಮೈಕ್-3 ಈ ಜಾತಿಯ ತಂತ್ರಾಂಶಗಳು. ಅವುಗಳ ಮೇಲೆ ಜೀವಲೋಕದ ಮಾದರಿಯನ್ನು ಕೂರಿಸುತ್ತಾರೆ: ಪೋಷಕಾಂಶ, ಅದನ್ನು ಉಣ್ಣುವ ಸಸ್ಯಪ್ಲವಕ, ಅದನ್ನು ಮೇಯುವ ಪ್ರಾಣಿಪ್ಲವಕ, ಎಲ್ಲದರ ಕೊಳೆತ ಶೇಷ. ಇದರಲ್ಲಿ ಬೆಳವಣಿಗೆಯ ದರ, ಮುಳುಗುವ ವೇಗ, ಕೆಸರಿನ ಉಸಿರಾಟ ಎಂದು ಹತ್ತಾರು ಸಂಖ್ಯೆಗಳನ್ನು ತುಂಬಬೇಕು. ಹಲವು ಸಂಖ್ಯೆಗಳು ಆ ಕಡಲಿನಲ್ಲಿ ಯಾರೂ ಅಳೆಯದವು, ಬೇರೆ ಕಡೆಯಿಂದ ಎರವಲು ತಂದವು. ಮಾದರಿಯನ್ನು ಒಂದು ವರ್ಷದ ಅಳತೆಗೆ ಹೊಂದಿಸಿ, ಇನ್ನೊಂದು ವರ್ಷದ ಅಳತೆಯೊಂದಿಗೆ ಹೋಲಿಸಿ ನೋಡುವ ಪರೀಕ್ಷೆ ಕಡ್ಡಾಯವೆನಿಸಿದ್ದು ಇದರಿಂದಲೇ.

ಕೊಳವೆಯ ಬಾಯಿಯ ಹತ್ತಿರದ ಕೆಲವು ನೂರು ಮೀಟರು ಪ್ರತ್ಯೇಕ ಲೋಕ. ಚರಂಡಿ ನೀರು ಕಡಲನೀರಿಗಿಂತ ಹಗುರ. ತಳದಲ್ಲಿ ಸಣ್ಣ ಕಿಂಡಿಗಳ ಮೂಲಕ ಚಿಮ್ಮಿಸಿದರೆ ಮೇಲೇರುವಷ್ಟರಲ್ಲೇ ನೂರು ಪಾಲು ತೆಳುವಾಗಬಲ್ಲುದು. ಮುಂಬಯಿಯ ವರ್ಲಿ ಮತ್ತು ಬಾಂದ್ರಾಗಳಿಂದ ಮೂರೂವರೆ ಕಿಲೋಮೀಟರಿನ ಆಸುಪಾಸು, ಬಾಸ್ಟನ್ನಿನಿಂದ 15 ಕಿಲೋಮೀಟರು ಕಡಲೊಳಕ್ಕೆ ಸುರಂಗ ಕೊರೆದಿರುವುದು ಈ ಲಾಭಕ್ಕಾಗಿ. ಬಾಸ್ಟನ್ನಿನಲ್ಲಿ ಸಂಸ್ಕರಿಸಿದ ನೀರು 2000ನೆಯ ಇಸವಿಯಿಂದ ಆ ದಾರಿ ಹಿಡಿದಿದೆ.

ಒಟ್ಟು ಸಾಮರ್ಥ್ಯ ಗೊತ್ತಾದ ಮೇಲೆ ಹಂಚಿಕೆ. ಕೊಳೆ ಒಂದಕ್ಕೊಂದು ಕೂಡುತ್ತದೆ ಎಂಬ ನಂಬಿಕೆಯ ಮೇಲೆ, ಪ್ರತಿ ಕೊಳವೆಯಿಂದ ಒಂದೊಂದು ಟನ್ ಬಿಟ್ಟಾಗ ಕಡಲಿನ ಪ್ರತಿ ಕಾವಲು ಬಿಂದುವಿನಲ್ಲಿ ಎಷ್ಟು ಏರುತ್ತದೆಂದು ಮಾದರಿಯಿಂದ ಪಟ್ಟಿ ಮಾಡುತ್ತಾರೆ. ಬಳಿಕ ಯಾವ ಬಿಂದುವಿನಲ್ಲೂ ಮಿತಿ ದಾಟದಂತೆ ಒಟ್ಟು ಹೊರೆ ಗರಿಷ್ಠವಾಗಬೇಕೆಂಬ ಷರತ್ತಿನಿಂದ ಗಣಿತ ಬಿಡಿಸುತ್ತಾರೆ. ಗಣಿತ ಕೊಡುವ ಉತ್ತರ ನಿರ್ದಾಕ್ಷಿಣ್ಯ: ಕೊಲ್ಲಿಯ ಬಾಯಿಯಲ್ಲಿರುವ ಊರಿಗೆ ಬಹುತೇಕ ಎಲ್ಲ ಪಾಲು, ಒಳಮೂಲೆಯ ಊರಿಗೆ ಸೊನ್ನೆ. ಒಳಮೂಲೆಯಲ್ಲಿ ಶತಮಾನದಿಂದ ಇರುವ ಬಂದರುಪಟ್ಟಣಕ್ಕೆ ಹಾಗೆಂದು ಹೇಳಲು ಯಾವ ಸರ್ಕಾರಕ್ಕೂ ಧೈರ್ಯವಾಗದು. ಹಾಗಾಗಿ ಜನಸಂಖ್ಯೆ, ಈಗಿನ ಹೊರೆ, ಸಂಸ್ಕರಣೆಯ ಖರ್ಚುಗಳನ್ನು ಷರತ್ತುಗಳಾಗಿ ಸೇರಿಸುತ್ತಾರೆ. ಸೇರಿಸಿದಷ್ಟೂ ಒಟ್ಟು ಸಾಮರ್ಥ್ಯ ಇಳಿಯುತ್ತದೆ.

ಸೆಟೊ ಒಳಗಡಲು

ಹೊನ್‌ಶು, ಶಿಕೊಕು, ಕ್ಯುಶು ದ್ವೀಪಗಳ ನಡುವೆ ಸಿಲುಕಿರುವ ಸೆಟೊ ಒಳಗಡಲಿನ ವಿಸ್ತಾರ ಸುಮಾರು 23,000 ಚದರ ಕಿಲೋಮೀಟರು, ಸರಾಸರಿ ಆಳ 38 ಮೀಟರು. ಕಿಯಿ, ಬುಂಗೊ, ಕಾನ್‌ಮೊನ್ ಎಂಬ ಕಿರಿದಾದ ದಾರಿಗಳಿಂದ ಮಾತ್ರ ಹೊರಗಡಲಿನ ಸಂಪರ್ಕ. 1960ರ ದಶಕದಲ್ಲಿ ಇದರ ದಡದಲ್ಲಿ ಉಕ್ಕು, ಪೆಟ್ರೋಲಿಯಂ, ಕಾಗದದ ಕಾರ್ಖಾನೆಗಳು ಸಾಲುಗಟ್ಟಿದವು. ನೀರು ಕೆಂಪಾಗುವ ಪ್ಲವಕದ ಹಾವಳಿ, ಅಂದರೆ ಕೆಂಪು ಉಬ್ಬರ, ಪ್ರತಿವರ್ಷದ ಮಾತಾಯಿತು. 1972ರ ಬೇಸಗೆಯಲ್ಲಿ ಹರಿಮಾ ನಾಡಾ ಭಾಗದಲ್ಲಿ ಸಾಕಣೆಯ 1.4 ಕೋಟಿ ಹಮಾಚಿ ಮೀನುಗಳು ಸತ್ತವು. ನಷ್ಟ 710 ಕೋಟಿ ಯೆನ್. ಮೀನುಗಾರರು ನ್ಯಾಯಾಲಯದ ಮೆಟ್ಟಿಲೇರಿದರು.

ಮರುವರ್ಷವೇ ವಿಶೇಷ ಕಾನೂನು ಬಂತು. ಕಾರ್ಖಾನೆಗಳ ಸಾವಯವ ಹೊರೆಯನ್ನು 1972ರ ಮಟ್ಟದ ಅರ್ಧಕ್ಕೆ ಇಳಿಸಬೇಕೆಂದು ಅದು ವಿಧಿಸಿತು. 1978ರಲ್ಲಿ ಕಾನೂನು ಕಾಯಂ ಆಯಿತು. 1979ರಿಂದ ಸೆಟೊ ಜೊತೆಗೆ ಟೋಕಿಯೊ ಮತ್ತು ಇಸೆ ಕೊಲ್ಲಿಗಳಲ್ಲೂ ಒಟ್ಟು ಹೊರೆಯ ನಿಯಂತ್ರಣ ಆರಂಭವಾಯಿತು. ಮೊದಲು ಸಾವಯವ ಕೊಳೆ ಮಾತ್ರ. 2001ರಿಂದ ಸಾರಜನಕ, ರಂಜಕಗಳೂ ಸೇರಿದವು. 1976ರಲ್ಲಿ 299 ಬಾರಿ ಕಂಡಿದ್ದ ಕೆಂಪು ಉಬ್ಬರ ಮುಂದಿನ ದಶಕಗಳಲ್ಲಿ ವರ್ಷಕ್ಕೆ ನೂರರ ಆಸುಪಾಸಿಗೆ ಇಳಿಯಿತು. ಒಳಗಡಲನ್ನು ಉಳಿಸಿಕೊಂಡ ಮಾದರಿ ಕತೆಯಾಗಿ ಇದನ್ನು ಲೋಕ ಕೊಂಡಾಡಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನೀರು ತಿಳಿಯಾದಂತೆ ನೊರಿ ಬೆಳೆಗಾರರ ಗೊಣಗು ಹೆಚ್ಚಿತು. ನೊರಿ ಎಂಬುದು ಅನ್ನಕ್ಕೆ ಸುತ್ತಿ ತಿನ್ನುವ ಕಪ್ಪು ಕಡಲಪಾಚಿ. ಸಾರಜನಕ ಸಾಲದೆ ಅದು ಹಳದಿಗೆ ತಿರುಗಿ ಬೆಲೆ ಕಳೆದುಕೊಳ್ಳತೊಡಗಿತು. 1980ರ ದಶಕದಲ್ಲಿ ಶಿಖರ ಮುಟ್ಟಿದ್ದ ಮೀನಿನ ಇಳುವರಿಯೂ ಇಳಿಯಿತು. ಪೋಷಕಾಂಶದ ಕೊರತೆಯೊಂದೇ ಇದಕ್ಕೆ ಕಾರಣವೆಂದು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ದಡ ತುಂಬಿಸಿ ನೆಲ ಮಾಡಿದ್ದರಿಂದ ಕಡಲಹುಲ್ಲಿನ ಹಾಸು, ಕೆಸರುಬಯಲುಗಳು ಹೋದದ್ದು, ಮರಳೆತ್ತಿದ್ದು, ನೀರು ಬಿಸಿಯೇರಿದ್ದು ಎಲ್ಲದಕ್ಕೂ ಪಾಲಿದೆ. ಏನೇ ಇರಲಿ, 2015ರ ತಿದ್ದುಪಡಿ ‘ಸಮೃದ್ಧ ಕಡಲು’ ಎಂಬ ಗುರಿಯನ್ನು ಕಾನೂನಿಗೆ ತಂದಿತು. ಹ್ಯೋಗೊ ಪ್ರಾಂತ್ಯ 2019ರಲ್ಲಿ ಸಾರಜನಕ ಲೀಟರಿಗೆ 0.2 ಮಿಲಿಗ್ರಾಂಗಿಂತ ಕೆಳಗಿಳಿಯಬಾರದೆಂಬ ಕೆಳಮಿತಿಯನ್ನು ಗೊತ್ತುಮಾಡಿತು. 2021ರ ತಿದ್ದುಪಡಿ ಪ್ರಾಂತ್ಯಗಳಿಗೆ ಪೋಷಕಾಂಶವನ್ನು ಬೇಕೆಂದೇ ಕಡಲಿಗೆ ಬಿಡುವ ಯೋಜನೆ ಹಾಕಲು ಅವಕಾಶ ಕೊಟ್ಟಿತು. ನೊರಿ ಬೆಳೆಯುವ ಚಳಿಗಾಲದಲ್ಲಿ ಚರಂಡಿ ಸಂಸ್ಕರಣ ಘಟಕಗಳು ಸಾರಜನಕವನ್ನು ಪೂರ್ತಿ ತೆಗೆಯದೆ ನೀರು ಬಿಡುವ ಪದ್ಧತಿ ಈಗ ಅಲ್ಲಿದೆ. ಅಲ್ಲಿಯವರೆಗೆ ಕೊಳೆಯೆನಿಸಿದ್ದ ವಸ್ತು ಗೊಬ್ಬರವೆನಿಸಿತು. ಸಾಗರವಿಜ್ಞಾನಿ ತೆತ್ಸುವೊ ಯನಾಗಿ 1998ರಲ್ಲಿ ಮುಂದಿಟ್ಟ ‘ಸಾತೊಉಮಿ’, ಅಂದರೆ ಮನುಷ್ಯರ ಕೈತಾಗಿ ಹುಲುಸಾಗುವ ಊರಗಡಲು, ಎಂಬ ಕಲ್ಪನೆಯ ಪ್ರಭಾವ ಇದರ ಹಿಂದಿದೆ.

ಬೇರೆ ಕಡಲುಗಳು

ಅಮೆರಿಕದ ಚೆಸಪೀಕ್ ಕೊಲ್ಲಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2010ರ ಡಿಸೆಂಬರಿನಲ್ಲಿ ಗೊತ್ತುಮಾಡಿದ ಒಟ್ಟು ಹೊರೆಯ ಮಿತಿ ಈ ಬಗೆಯ ಲೆಕ್ಕಗಳಲ್ಲಿ ಬಹಳ ವಿಸ್ತಾರವಾದದ್ದು. ವರ್ಷಕ್ಕೆ 18.59 ಕೋಟಿ ಪೌಂಡ್ ಸಾರಜನಕ, 1.25 ಕೋಟಿ ಪೌಂಡ್ ರಂಜಕ, 645 ಕೋಟಿ ಪೌಂಡ್ ಹೂಳು. ಅಂದರೆ ಸಾರಜನಕದಲ್ಲಿ ಕಾಲುಭಾಗದ ಕಡಿತ. ಇದನ್ನು ಆರು ರಾಜ್ಯಗಳಿಗೂ ರಾಜಧಾನಿ ವಾಷಿಂಗ್ಟನ್ನಿಗೂ, ಕೊಲ್ಲಿಯ 92 ತುಂಡುಗಳಿಗೂ ಹಂಚಿದರು. ಮಿತಿಯ ಗೆರೆ ಆಳಕ್ಕೆ ತಕ್ಕಂತೆ ಬದಲಾಗುತ್ತದೆ: ಮೇಲಿನ ನೀರಿನಲ್ಲಿ ತಿಂಗಳ ಸರಾಸರಿ ಆಮ್ಲಜನಕ 5 ಮಿಲಿಗ್ರಾಂ, ಆಳದಲ್ಲಿ 3, ತೀರ ಆಳದ ಕಾಲುವೆಯಲ್ಲಿ ಯಾವಾಗಲೂ 1 ಇದ್ದರೆ ಸಾಕು. ಯುರೋಪಿಯನ್ನರು ಬಂದು ನೆಲೆಸುವ ಮುಂಚೆಯೂ ಆ ಕಾಲುವೆ ಬೇಸಗೆಯಲ್ಲಿ ಉಸಿರುಗಟ್ಟುತ್ತಿತ್ತೆಂಬ ತಿಳಿವಳಿಕೆಯಿಂದ ಬಂದ ಸಡಿಲಿಕೆ ಇದು. ಲೆಕ್ಕದ ಸೂತ್ರದಲ್ಲೇ ಕೊಳವೆಗಳ ಪಾಲು, ಹೊಲಗದ್ದೆಗಳ ಪಾಲುಗಳ ಜೊತೆಗೆ ‘ಸುರಕ್ಷತೆಯ ಅಂಚು’ ಎಂಬ ಮೂರನೆಯ ಪಾಲನ್ನು ಎತ್ತಿಡಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ.

ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳು 2007ರ ಕಾರ್ಯಯೋಜನೆಯನ್ನು 2013ರಲ್ಲಿ ಪರಿಷ್ಕರಿಸಿ ವರ್ಷಕ್ಕೆ ಸುಮಾರು 7.92 ಲಕ್ಷ ಟನ್ ಸಾರಜನಕ, 21,700 ಟನ್ ರಂಜಕದ ಮೇಲ್ಮಿತಿಗೆ ಒಪ್ಪಿದವು. ನೀರಿನ ತಿಳಿ, ಅಂದರೆ ಬಿಳಿತಟ್ಟೆ ಇಳಿಬಿಟ್ಟಾಗ ಎಷ್ಟು ಆಳದವರೆಗೆ ಕಾಣುತ್ತದೆ ಎಂಬುದು, ಅಲ್ಲಿನ ಗೆರೆಗಳಲ್ಲೊಂದು. ಬಾಲ್ಟಿಕ್‌ನ ನೀರು ಹೊಸದಾಗಲು ದಶಕಗಳೇ ಬೇಕು. ಆದ್ದರಿಂದ ಇಂದು ಮಿತಿ ಪಾಲಿಸಿದರೂ ಫಲ ಕಾಣುವವರು ಮುಂದಿನ ತಲೆಮಾರಿನವರು.

ಭಾರತದ ಪಡುಗಡಲು

ಭಾರತದಲ್ಲಿ ಕರಾವಳಿ ನೀರನ್ನು ಬಳಕೆಗೆ ತಕ್ಕಂತೆ ಎಸ್‌ಡಬ್ಲ್ಯು-1ರಿಂದ 5ರವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಉಪ್ಪಿನಾಗರ, ಚಿಪ್ಪುಜೀವಿಗಳ ಸಾಕಣೆಯಂಥ ಮೊದಲ ದರ್ಜೆಗೆ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ, ಸ್ನಾನ ಮತ್ತು ಮೀನುಗಾರಿಕೆಯ ಎರಡನೆಯ ದರ್ಜೆಗೆ 4 ಮಿಲಿಗ್ರಾಂ ಇರಬೇಕು. ಇವು ಸಾಂದ್ರತೆಯ ಮಾನದಂಡಗಳು. ಒಟ್ಟು ಹೊರೆಯನ್ನು ಹಂಚುವ ಕಾನೂನು ಜಪಾನಿನಂತೆ ಇಲ್ಲಿಲ್ಲ. ಆದರೂ ಎನ್ನೂರು ಅಳಿವೆಯಂಥ ಕೆಲವು ಜಾಗಗಳ ತ್ಯಾಜ್ಯಧಾರಣ ಸಾಮರ್ಥ್ಯವನ್ನು ಈಗ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವಾಗಿರುವ ಚೆನ್ನೈನ ಸಂಸ್ಥೆ ಮಾದರಿಗಳಿಂದ ಅಂದಾಜು ಮಾಡಿದೆ. 1966ರಲ್ಲಿ ಹುಟ್ಟಿದ, ಗೋವೆಯಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಪಡುಗಡಲಿನ ಅಳತೆಗಳನ್ನು ದಶಕಗಳಿಂದ ಕೂಡಿಟ್ಟಿದೆ.

ಕೊಂಕಣ, ಕರ್ನಾಟಕ, ಕೇರಳಗಳ ದಡದ ಕಡಲಿಗೆ ಒಂದು ವಿಶೇಷವಿದೆ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಮೇಲೇಳುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಶ್ರಾವಣ, ಭಾದ್ರಪದ ಕಳೆದು ದಸರೆಯ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಬರಿದಾಗಿ, ಕೆಲವೆಡೆ ಕೊಳೆತ ಮೊಟ್ಟೆಯ ವಾಸನೆಯ ಜಲಜನಕ ಸಲ್ಫೈಡ್ ಹುಟ್ಟುತ್ತದೆ. ಈ ಸ್ಥಿತಿ ಹಿಂದಿಗಿಂತ ತೀವ್ರವಾಗಿದೆಯೆಂದು ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಹೀಗೆ ಪ್ರಕೃತಿಯೇ ವರ್ಷದ ಕೆಲವು ತಿಂಗಳು ಅರಗಿಸುವ ಶಕ್ತಿಯನ್ನು ಖರ್ಚು ಮಾಡಿಬಿಡುತ್ತದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಒಂದೇ ಅಳಿವೆಬಾಗಿಲಿನಿಂದ ಕಡಲು ಸೇರುವಲ್ಲಿ ಮಳೆಗಾಲದ ಪ್ರವಾಹ ಎಲ್ಲವನ್ನೂ ತೊಳೆಯುವಂತೆ ಕಾಣುತ್ತದೆ. ಅಳಿವೆಗೆ ಅದು ನಿಜ, ಹೊರಗಿನ ತಳದ ನೀರಿಗೆ ಅಲ್ಲ. ಅದೇ ಅಳಿವೆಗೆ ಏಪ್ರಿಲ್-ಮೇ ತಿಂಗಳಲ್ಲಿ ನದಿಯ ನೀರು ಬತ್ತಿ, ಉಪ್ಪುನೀರು ಒಳಕ್ಕೆ ನುಗ್ಗಿ, ತೊಳೆತ ತೀರ ಕಡಿಮೆಯಾಗುತ್ತದೆ. ಜನವರಿಯ ಶಾಂತ ಕಡಲಿನಲ್ಲಿ ದೋಣಿ ಇಳಿಸಿ ಅಳೆದ ಅಂಕಿಗಳಿಂದ ಹೊಂದಿಸಿದ ಮಾದರಿ ಈ ಎರಡು ಕೆಟ್ಟ ಕಾಲಗಳಲ್ಲಿ ಒಂದನ್ನೂ ಕಂಡಿರುವುದಿಲ್ಲ.

ಸಾಮರ್ಥ್ಯ ಸೊನ್ನೆಯಾಗುವ ವಸ್ತುಗಳು

ಮಿನಮಾತ ಕೊಲ್ಲಿಗೆ ಚಿಸ್ಸೊ ಕಂಪನಿಯ ಅಸೆಟಾಲ್ಡಿಹೈಡ್ ಘಟಕ 1932ರಿಂದ 1968ರವರೆಗೆ ಪಾದರಸವಿದ್ದ ನೀರನ್ನು ಬಿಟ್ಟಿತು. ನೀರಿನಲ್ಲಿ ಅದು ತೆಳುವಾಯಿತು, ಮೀನಿನಲ್ಲಿ ದಟ್ಟವಾಯಿತು, ಮೀನು ತಿಂದವರ ನರಮಂಡಲದಲ್ಲಿ ಕುಳಿತಿತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರ ಮೇ 1ರಂದು. ಕೊನೆಗೆ ವಿಷದ ಕೆಸರನ್ನು ಅಗೆದು, ಕೊಲ್ಲಿಯ 58 ಹೆಕ್ಟೇರನ್ನು ತುಂಬಿ ಮುಚ್ಚುವ ಕೆಲಸ 1990ರಲ್ಲಿ ಮುಗಿಯಿತು. ಮೀನು ಹೊರಹೋಗದಂತೆ ಕಟ್ಟಿದ್ದ ಬಲೆಯನ್ನು 1997ರಲ್ಲಿ ತೆಗೆದರು. ಪಾದರಸ, ಡಿಡಿಟಿ, ಪಿಸಿಬಿ, ಪ್ಲಾಸ್ಟಿಕ್‌ಗಳಂಥ ಅರಗದ ವಸ್ತುಗಳ ವಿಷಯದಲ್ಲಿ ಮಾದರಿ ಎಷ್ಟು ನಾಜೂಕಾದದ್ದಾದರೂ ಪ್ರಯೋಜನವಿಲ್ಲ. ಅವು ಹೊರಗೆ ಹೋದರೆ ಇನ್ನೊಬ್ಬರ ಕಡಲಿಗೆ ಹೋಗುತ್ತವೆ, ಉಳಿದರೆ ಆಹಾರ ಸರಪಳಿಯಲ್ಲಿ ಏರುತ್ತವೆ.

ಧಾರಣ ಸಾಮರ್ಥ್ಯದ ವಿಚಾರವನ್ನೇ ಪರಿಸರವಾದಿಗಳು ಟೀಕಿಸಿದ್ದು ಈ ಕಾರಣದಿಂದ. ಕೊಳೆ ಬಿಡಲು ವಿಜ್ಞಾನದ ಪರವಾನಗಿ ಪಡೆಯುವ ಜಾಣ್ಮೆ ಇದು ಎಂಬುದು ಅವರ ಆಕ್ಷೇಪ. ಹಡಗಿನಿಂದ ತ್ಯಾಜ್ಯ ಸುರಿಯುವುದರ ಕುರಿತ 1972ರ ಲಂಡನ್ ಒಪ್ಪಂದ ಕೆಲವು ವಸ್ತುಗಳನ್ನು ಮಾತ್ರ ನಿಷೇಧಿಸಿತ್ತು. 1996ರ ಒಡಂಬಡಿಕೆ ಅದನ್ನು ತಿರುಗಿಸಿ, ಪಟ್ಟಿಯಲ್ಲಿರುವ ಕೆಲವು ವಸ್ತುಗಳ ಹೊರತು ಏನನ್ನೂ ಸುರಿಯಕೂಡದೆಂದಿತು. ದಡದ ಕೊಳವೆಗಳಿಗೂ ಹೊಲಗಳ ಹರಿವಿಗೂ ಇಂಥ ಪೂರ್ಣ ನಿಷೇಧ ಸಾಧ್ಯವಿಲ್ಲದ್ದರಿಂದ ಅಲ್ಲಿ ಹೊರೆಯ ಲೆಕ್ಕ ಉಳಿದುಕೊಂಡಿದೆ.

ಆ ಲೆಕ್ಕಕ್ಕೆ ಮುಪ್ಪೂ ಬರುತ್ತದೆ. ನೀರು ಬಿಸಿಯೇರಿದರೆ ಕರಗುವ ಆಮ್ಲಜನಕ ಇಳಿಯುತ್ತದೆ, ಜೀವಾಣುಗಳ ಉಸಿರಾಟ ಏರುತ್ತದೆ, ಪದರಗಳು ಗಟ್ಟಿಯಾಗುತ್ತವೆ. ಮೂರೂ ಸಾಮರ್ಥ್ಯವನ್ನು ತಗ್ಗಿಸುವ ದಿಕ್ಕಿನವು. ಬಂದರಿನ ಹೊಸ ಗೋಡೆ, ಹೂಳೆತ್ತಿದ ಕಾಲುವೆ, ನದಿಗೆ ಅಡ್ಡ ಕಟ್ಟಿದ ಅಣೆಕಟ್ಟು ಇವು ನೀರಿನ ದಾರಿಯನ್ನೇ ಬದಲಿಸುತ್ತವೆ. ಅದಕ್ಕಾಗಿ ಜಪಾನಿನಲ್ಲಿ ಒಟ್ಟು ಹೊರೆಯ ಗುರಿಗಳನ್ನು ಸುಮಾರು ಐದು ವರ್ಷಕ್ಕೊಮ್ಮೆ ಹೊಸದಾಗಿ ಗೊತ್ತುಮಾಡುತ್ತಾರೆ.